ತಾರೀಖಿನಲ್ಲಿ ಮೊದಲು ಯಾವುದು?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿದ್ದೇನೆ. ಕೊನೆಯಲ್ಲಿ ಸಭೆಯಿಂದ ಬಂದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ತಾರೀಖನ್ನು ಬರೀ ಅಂಕಿಗಳಲ್ಲಿ, ನಡುವೆ ಸ್ಲ್ಯಾಶ್ ಹಾಕಿ ಬರೆದಿದ್ದಾರೆ ಅಂದುಕೊಳ್ಳಿ. ಬರೆದವರು ಯಾವ ದೇಶದವರು ಅಂತ ಗೊತ್ತಿಲ್ಲ. 25/12 ಅಂತ ಇದ್ದರೆ ಚಿಂತೆಯಿಲ್ಲ. ವರ್ಷಕ್ಕೆ 25 ತಿಂಗಳು ಇಲ್ಲವಲ್ಲ, ಹಾಗಾಗಿ 25 ಅನ್ನುವುದು ದಿನವೇ. 04/07 ಅಂತ ಇದ್ದರೆ? ಅದು ಜುಲೈ 4 ಆಗಬಹುದು, ಏಪ್ರಿಲ್ 7 ಕೂಡ ಆಗಬಹುದು. ಪ್ರತಿ ತಿಂಗಳ ಮೊದಲ 12 ದಿನಗಳದ್ದೂ ಇದೇ ಕತೆ. 12 ತಿಂಗಳಿಗೆ ಹನ್ನೆರಡು ಹನ್ನೆರಡು ದಿನ ಅಂದರೆ 144. ಅದರಲ್ಲಿ 1/1, 2/2, 3/3 ಈ ತರಹದ 12 ತಾರೀಖುಗಳನ್ನು ಹೇಗೆ ಓದಿದರೂ ಒಂದೇ. ಅವನ್ನು ಕಳೆದರೆ ಉಳಿಯುವುದು 132. ವರ್ಷದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ದಿನಗಳಲ್ಲಿ ನಾವು ಬರೆಯುವ ತಾರೀಖಿಗೆ ಎರಡು ಅರ್ಥ ಇರುತ್ತದೆ.

ಈ 132 ದಿನಗಳಲ್ಲಿ ತಪ್ಪು ಓದಿದರೂ ತಪ್ಪು ಅಂತ ಯಾರಿಗೂ ಗೊತ್ತಾಗುವುದಿಲ್ಲ. 25ನೇ ತಿಂಗಳು ಅಂತ ಬಂದರೆ ಓದುವವರು ತಡೆದು ನಿಲ್ಲುತ್ತಾರೆ, ಕಂಪ್ಯೂಟರ್ ಎರರ್ ತೋರಿಸುತ್ತದೆ. ಜುಲೈ 4ನ್ನು ಏಪ್ರಿಲ್ 7 ಅಂತ ಓದಿದರೆ ಯಾರೂ ತಡೆಯುವುದಿಲ್ಲ, ಅದೂ ಒಂದು ಸರಿಯಾದ ತಾರೀಖೇ ಅಲ್ವಾ? ಯಾವ ದೇಶದ ಕ್ರಮ ಚೆಂದ, ಯಾವುದು ವಿಚಿತ್ರ ಅಂತ ಜನ ದಶಕಗಳಿಂದ ಜಗಳ ಆಡುತ್ತಿದ್ದಾರೆ. ಆ ಜಗಳ ಅಸಲಿ ವಿಷಯವನ್ನೇ ಬಿಟ್ಟಿದೆ ಅಂತ ನನಗೆ ಅನಿಸುತ್ತದೆ. ಕ್ರಮ ಯಾವುದಾದರೂ ಇರಲಿ. ತಾನು ಯಾವ ಕ್ರಮದಲ್ಲಿದ್ದೇನೆ ಅನ್ನುವುದನ್ನು ತಾರೀಖೇ ಹೇಳಬೇಕು. ಸ್ಲ್ಯಾಶ್ ಹಾಕಿದ ಬರೀ ಅಂಕಿಗಳು ಅದನ್ನು ಹೇಳುವುದಿಲ್ಲ.

ಮೊದಲು ಯಾರು ಹೇಗೆ ಬರೆಯುತ್ತಾರೆ ಅಂತ ನೋಡಿಬಿಡೋಣ. ಬ್ರಿಟನ್, ಫ್ರಾನ್ಸ್, ಬ್ರೆಜಿಲ್, ಆಸ್ಟ್ರೇಲಿಯಾ ಹೀಗೆ ಬಹಳಷ್ಟು ದೇಶಗಳಲ್ಲಿ ದಿನ, ತಿಂಗಳು, ವರ್ಷ. ಜರ್ಮನಿ, ರಷ್ಯಾಗಳಲ್ಲೂ ಇದೇ ಕ್ರಮ, ಆದರೆ ನಡುವೆ ಚುಕ್ಕಿ. ಚೀನಾ, ಜಪಾನ್, ಕೊರಿಯಾ, ಹಂಗೇರಿ, ಲಿಥುವೇನಿಯಾ, ಸ್ವೀಡನ್‌ಗಳಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ. ಅಮೆರಿಕದಲ್ಲಿ ತಿಂಗಳು, ದಿನ, ವರ್ಷ. ಕೆನಡಾದಲ್ಲಿ ಮೂರೂ ಬಳಕೆಯಲ್ಲಿವೆ. ಆ ಕಡೆ ಇಂಗ್ಲಿಷಿನವರು, ಫ್ರೆಂಚಿನವರು, ಈ ಕಡೆ ಪಕ್ಕದಲ್ಲೇ ಅಮೆರಿಕ. ಅಲ್ಲಿ 02/03/04 ಅಂತ ಬರೆದರೆ 2004ರ ಮಾರ್ಚ್ 2, 2004ರ ಫೆಬ್ರವರಿ 3, 2002ರ ಮಾರ್ಚ್ 4, ಮೂರೂ ಸಾಧ್ಯ.

ಈ ಜಗಳದಲ್ಲಿ ಅಮೆರಿಕದವರನ್ನು ಆಡಿಕೊಳ್ಳುವುದು ಒಂದು ರೂಢಿಯೇ ಆಗಿದೆ. ಅದಕ್ಕೆ ಒಂದು ಚಿತ್ರವನ್ನೂ ಬರೆಯುತ್ತಾರೆ. ದಿನ ಚಿಕ್ಕದು, ತಿಂಗಳು ದೊಡ್ಡದು, ವರ್ಷ ಇನ್ನೂ ದೊಡ್ಡದು. ಒಂದರ ಮೇಲೊಂದು ಇಟ್ಟರೆ ನೀಟಾದ ಪಿರಮಿಡ್. ಅಮೆರಿಕದ ಕ್ರಮದಲ್ಲಿ ಇಟ್ಟರೆ ಸೊಟ್ಟ. ನೋಡಿದ ಕೂಡಲೇ ಒಪ್ಪಿಬಿಡುವಂಥ ಚಿತ್ರ ಅದು. ನನಗೆ ಮಾತ್ರ ಆ ವಾದ ನಿಲ್ಲುತ್ತದೆ ಅಂತ ಅನಿಸುವುದಿಲ್ಲ.

31/12/2024, 23:59 ಅಂತ ಬರೆದು ನೋಡಿ. ತಾರೀಖಿನಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತೇವೆ. ಗಡಿಯಾರ ಬಂದ ಕೂಡಲೇ ಉಲ್ಟಾ: ಮೊದಲು ಗಂಟೆ, ಆಮೇಲೆ ನಿಮಿಷ. ಇನ್ನೂ ಹತ್ತಿರದಿಂದ ನೋಡಿ. 31ರಲ್ಲಿ ಹತ್ತರ ಸ್ಥಾನ ಮೊದಲು, ಬಿಡಿಯ ಸ್ಥಾನ ಆಮೇಲೆ. 2024ರಲ್ಲಿ ಸಾವಿರದ ಸ್ಥಾನ ಮೊದಲು. ಅಂಕಿಗಳು ಒಳಗೆ ದೊಡ್ಡದರಿಂದ ಚಿಕ್ಕದಕ್ಕೆ ಹೋಗುತ್ತವೆ, ತುಂಡುಗಳು ಮಾತ್ರ ಚಿಕ್ಕದರಿಂದ ದೊಡ್ಡದಕ್ಕೆ. ಹಾಗಾಗಿ ದಿನ ಮೊದಲು ಬರೆಯುವ ಪದ್ಧತಿ ತರ್ಕಕ್ಕೆ ಸರಿ, ತಿಂಗಳು ಮೊದಲು ಬರೆಯುವುದು ಮಾತ್ರ ತಪ್ಪು ಅನ್ನುವುದು ಅರ್ಧ ತರ್ಕ. ಕೊನೆಯವರೆಗೂ ತರ್ಕ ಬೇಕೇ ಬೇಕು ಅಂದರೆ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್ ಅಂತ ಬರೆಯಬೇಕು. ಎಡದಿಂದ ಬಲಕ್ಕೆ ಒಂದೇ ಸಮನೆ ಇಳಿಯುವುದು ಅದೊಂದೇ.

ಅಮೆರಿಕ ಒಬ್ಬಂಟಿ ಅನ್ನುವ ಮಾತೂ ಪೂರ್ತಿ ಸರಿಯಲ್ಲ. ಇದರ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ನಾವು ದಿನನಿತ್ಯ ಬರೆಯುವ ತಾರೀಖುಗಳಲ್ಲಿ ವರ್ಷವನ್ನು ಎಷ್ಟೋ ಸಲ ಬಿಟ್ಟುಬಿಡುತ್ತೇವೆ. ಎಲ್ಲರಿಗೂ ಗೊತ್ತಿರುವ ವರ್ಷವನ್ನು ಯಾಕೆ ಬರೆಯಬೇಕು? ಈಗ ಜಪಾನ್, ಕೊರಿಯಾ, ಚೀನಾದ ತಾರೀಖಿನಿಂದ ವರ್ಷವನ್ನು ತೆಗೆಯಿರಿ. ಉಳಿಯುವುದು ತಿಂಗಳು, ಆಮೇಲೆ ದಿನ. ಅಮೆರಿಕದಲ್ಲಿ ಇರುವ ಹಾಗೆಯೇ! 2011ರ ಮಾರ್ಚ್ 11ರ ಭೂಕಂಪ, ಸುನಾಮಿಯನ್ನು ಜಪಾನಿನವರು 3.11 ಅನ್ನುತ್ತಾರೆ. 1919ರ ಮಾರ್ಚ್ 1ರಂದು ಕೊರಿಯಾದಲ್ಲಿ ಶುರುವಾದ ಸ್ವಾತಂತ್ರ್ಯ ಚಳವಳಿ ಅಲ್ಲಿಯವರಿಗೆ 3·1. 1950ರ ಜೂನ್ 25ಕ್ಕೆ ಶುರುವಾದ ಯುದ್ಧ 6·25. 1980ರ ಮೇ 18ರ ಗ್ವಾಂಗ್‌ಜು ಹೋರಾಟ 5·18. ಇವಕ್ಕೂ 2001ರ ಸೆಪ್ಟೆಂಬರ್ 11ನ್ನು 9/11 ಅನ್ನುವುದಕ್ಕೂ ಕಟ್ಟಿದ ರೀತಿಯಲ್ಲಿ ಏನೂ ವ್ಯತ್ಯಾಸವಿಲ್ಲ. 2004ರ ಮಾರ್ಚ್ 11ಕ್ಕೆ ಮ್ಯಾಡ್ರಿಡ್‌ನಲ್ಲಿ ರೈಲುಗಳ ಮೇಲೆ ದಾಳಿ ಆಯಿತು. ಸ್ಪೇನಿನವರು ಅದನ್ನು 11-ಎಂ ಅಂತ ಬರೆಯುತ್ತಾರೆ. ದಿನ ಮೊದಲು, ಆಮೇಲೆ ತಿಂಗಳ ಮೊದಲಕ್ಷರ.

ಅಂದರೆ ಒಬ್ಬ ಕೊರಿಯನ್ನರೂ ಒಬ್ಬ ಅಮೆರಿಕನ್ನರೂ ಪರಸ್ಪರ 4/7 ಅಂತ ಬರೆದುಕೊಂಡರೆ ಇಬ್ಬರಿಗೂ ಅದು ಏಪ್ರಿಲ್ 7. ಜಗಳ ಬರುವುದು ಇವರಿಬ್ಬರಿಗೂ ಲಂಡನ್ನಿನವರಿಗೂ ನಡುವೆ. ಅಮೆರಿಕದಲ್ಲಿ ನಿಜವಾಗಿ ಬೇರೆ ಇರುವುದು ತಿಂಗಳಿನ ಜಾಗವಲ್ಲ. ವರ್ಷವನ್ನು ಕೊನೆಗೆ ತಂದು ಅಂಟಿಸುವುದು.

ಅವರು ಯಾಕೆ ಹೀಗೆ ಬರೆಯುತ್ತಾರೆ ಅಂತ ಕೇಳಿದರೆ, ಮಾತಿನಲ್ಲೂ ತಿಂಗಳನ್ನೇ ಮೊದಲು ಹೇಳುತ್ತಾರೆ, ಅದಕ್ಕೇ ಅನ್ನುವ ಉತ್ತರ ಸಿಗುತ್ತದೆ. ಮಾತಿನಿಂದ ಬರಹ ಬಂತೋ, ಬರಹದಿಂದ ಮಾತು ಬಂತೋ ಹೇಳುವುದು ಕಷ್ಟ. ನನಗೆ ಇಷ್ಟವಾದ ಸಾಕ್ಷಿ ಬೇರೆ ಇದೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ತಲೆಯಲ್ಲಿ ಇರುವುದು ‘ಜುಲೈ 4, 1776’. ತಿಂಗಳು ಮೊದಲು. ಹನ್ನೊಂದು ವರ್ಷ ಬಿಟ್ಟು ಬರೆದ ಸಂವಿಧಾನದ ಕೊನೆಯಲ್ಲಿ ಇರುವುದು ‘ಸೆಪ್ಟೆಂಬರಿನ ಹದಿನೇಳನೇ ದಿನ’ ಅನ್ನುವ ಧಾಟಿ. ದಿನ ಮೊದಲು, ಆಮೇಲೆ ತಿಂಗಳು, ಆಮೇಲೆ ವರ್ಷ, ಎಲ್ಲವೂ ಅಕ್ಷರದಲ್ಲಿ. ಒಂದೇ ದೇಶ, ಹೆಚ್ಚುಕಡಿಮೆ ಒಂದೇ ತಲೆಮಾರು, ಎರಡು ಕ್ರಮ. ಆಗಿನ ಇಂಗ್ಲಿಷಿನವರಲ್ಲಿ ಎರಡೂ ಬಳಕೆಯಲ್ಲಿದ್ದವು. ಬ್ರಿಟನ್ನಿನಲ್ಲಿ ಆಮೇಲೆ ಒಂದು ಗಟ್ಟಿಯಾಯಿತು, ಅಮೆರಿಕದಲ್ಲಿ ಇನ್ನೊಂದು. ಯಾರೂ ಕೂತು ತರ್ಕ ಮಾಡಿ ಆರಿಸಿದ್ದಲ್ಲ. ತಿಂಗಳನ್ನು ಅಕ್ಷರದಲ್ಲಿ ಬರೆಯುವವರೆಗೂ ಈ ವ್ಯತ್ಯಾಸದಿಂದ ಯಾರಿಗೂ ತೊಂದರೆ ಇರಲಿಲ್ಲ ಅನ್ನುವುದನ್ನೂ ಗಮನಿಸಿ. ತಿಂಗಳಿನ ಹೆಸರು ಹೋಗಿ ಅಂಕಿ ಬಂದ ಮೇಲೆ ಇದು ಸಮಸ್ಯೆಯಾಯಿತು.

ಆ ಅಂಕಿ ಕಂಪ್ಯೂಟರಿನ ಒಳಗೆ ಹೋದರೆ ಏನಾಗುತ್ತದೆ ಅಂತ ಒಂದು ಉದಾಹರಣೆ ಇಟ್ಟುಕೊಂಡು ನಿಧಾನವಾಗಿ ನೋಡೋಣ. ಯಾರೋ ಏಪ್ರಿಲ್ ತಿಂಗಳು ಪೂರ್ತಿ ದಿನಕ್ಕೊಂದು ಸಾಲು ಬರೆದಿಟ್ಟಿದ್ದಾರೆ. ತಾಪಮಾನ ಅನ್ನಿ, ರೋಗಿಯ ರಕ್ತದೊತ್ತಡ ಅನ್ನಿ, ಏನಾದರೂ ಇರಲಿ. ಒಟ್ಟು 30 ಸಾಲು. ತಾರೀಖು 01/04/2024ರಿಂದ 30/04/2024ರವರೆಗೆ, ದಿನ ಮೊದಲು. ಈ ಫೈಲನ್ನು ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ಸ್ಪ್ರೆಡ್‌ಶೀಟ್ ಆಗಿ ತೆರೆಯುತ್ತಾರೆ.

ಮೊದಲ ಸಾಲು 01/04. ಪ್ರೋಗ್ರಾಂ ಅದನ್ನು ಜನವರಿ 4 ಅಂತ ಓದುತ್ತದೆ. ಎರಡನೆಯದು 02/04, ಫೆಬ್ರವರಿ 4. ಮೂರನೆಯದು ಮಾರ್ಚ್ 4. ನಾಲ್ಕನೆಯದು ಏಪ್ರಿಲ್ 4, ಅದೊಂದು ಅದೃಷ್ಟಕ್ಕೆ ಸರಿ. ಹೀಗೇ ಹೋಗಿ ಹನ್ನೆರಡನೇ ಸಾಲು ಡಿಸೆಂಬರ್ 4. ಹದಿಮೂರನೇ ಸಾಲಿಗೆ ಬಂದಾಗ 13ನೇ ತಿಂಗಳು ಇಲ್ಲ ಅಂತ ಪ್ರೋಗ್ರಾಂಗೆ ಗೊತ್ತಾಗುತ್ತದೆ. ಆದರೆ ಅದು ನಿಲ್ಲುವುದಿಲ್ಲ, ಕೇಳುವುದೂ ಇಲ್ಲ. ಇದು ತಾರೀಖಲ್ಲ, ಸುಮ್ನೆ ಅಕ್ಷರ ಅಂತ ಹಾಗೇ ಬಿಟ್ಟುಬಿಡುತ್ತದೆ. ಕಾಲಂ ಅನ್ನು ಕಣ್ಣಿಟ್ಟು ನೋಡಿದರೆ ಒಂದು ಸುಳಿವು ಕಾಣುತ್ತದೆ. ಮೊದಲ 12 ಸಾಲು ಸೆಲ್‌ನ ಬಲಕ್ಕೆ ಅಂಟಿಕೊಂಡಿರುತ್ತವೆ, ಉಳಿದ 18 ಎಡಕ್ಕೆ. ಪ್ರೋಗ್ರಾಂ ತಾರೀಖನ್ನು ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ, ಸಂಖ್ಯೆಗಳು ಬಲಕ್ಕೆ ಹೋಗುತ್ತವೆ, ಅಕ್ಷರಗಳು ಎಡಕ್ಕೆ ಉಳಿಯುತ್ತವೆ. ಇಷ್ಟು ಬಿಟ್ಟರೆ ಬೇರೆ ಎಚ್ಚರಿಕೆ ಇಲ್ಲ.

ಆಮೇಲೆ ಇನ್ನೊಬ್ಬರು ಬಂದು ‘ಕ್ಲೀನ್’ ಮಾಡುತ್ತಾರೆ. ತಾರೀಖು ಅಲ್ಲದ 18 ಸಾಲುಗಳನ್ನು ಕೆಟ್ಟ ಡೇಟಾ ಅಂತ ಅಳಿಸುತ್ತಾರೆ. ಉಳಿದ 12ಕ್ಕೆ ಗ್ರಾಫ್ ಹಾಕುತ್ತಾರೆ. ಒಂದೇ ತಿಂಗಳ ಮೊದಲ ಹನ್ನೆರಡು ದಿನ, ಇಡೀ ವರ್ಷಕ್ಕೆ ಹರಡಿಕೊಂಡು, ಪ್ರತಿ ತಿಂಗಳ 4ನೇ ತಾರೀಖಿಗೆ ತಪ್ಪದೆ ಅಳೆದ ಹಾಗೆ ಕಾಣುತ್ತದೆ. ನೋಡಲು ಬಹಳ ಶಿಸ್ತಿನ ಕೆಲಸ! ಸರಿಯಿದ್ದ 18 ಸಾಲು ಹೋಯಿತು, ತಪ್ಪಾದ 11 ಸಾಲು ಉಳಿಯಿತು. ಡೇಟಾ ಕೆಲಸ ಮಾಡುವ ಯಾರನ್ನಾದರೂ ಕೇಳಿ, ಈ ತರಹದ ಕಾಲಂ ನೋಡದೇ ಇರುವವರು ಸಿಗುವುದು ಕಷ್ಟ.

ಪ್ರೋಗ್ರಾಂ ಬರೆಯುವವರಿಗೆ ಒಂದು ಮಾತು. ನಿಮ್ಮ ಕೋಡನ್ನು 20ನೇ ತಾರೀಖು ಪರೀಕ್ಷೆ ಮಾಡಿದರೆ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ. 5ನೇ ತಾರೀಖು ಮಾಡಿದರೆ ಎಲ್ಲಾ ಪಾಸ್. ತಾರೀಖಿನ ಕೋಡಿಗೆ ಪರೀಕ್ಷೆ ಬರೆಯುವಾಗ ದಿನ 12ಕ್ಕಿಂತ ಜಾಸ್ತಿ ಇರುವ ಒಂದು ತಾರೀಖು, ಕಡಿಮೆ ಇರುವ ಒಂದು ತಾರೀಖು, ಎರಡೂ ಇರಲೇಬೇಕು.

ಪ್ರೋಗ್ರಾಂ ಬರೆಯುವ ಭಾಷೆಗಳೂ ಒಂದೊಂದು ಊಹೆ ಮಾಡುತ್ತವೆ. ಪಿಎಚ್‌ಪಿ ಭಾಷೆಯಲ್ಲಿ 04/07/2024 ಅಂತ ಸ್ಲ್ಯಾಶ್ ಹಾಕಿ ಕೊಟ್ಟರೆ ಅಮೆರಿಕದ ಕ್ರಮ, ಏಪ್ರಿಲ್ 7. ಅದನ್ನೇ 04-07-2024 ಅಂತ ಹೈಫನ್ ಹಾಕಿ ಕೊಟ್ಟರೆ ಜುಲೈ 4. ಇದು ಬಗ್ ಅಲ್ಲ, ಅದರ ಕೈಪಿಡಿಯಲ್ಲೇ ಬರೆದಿರುವ ನಿಯಮ. ನಡುವಿನ ಒಂದು ಗೆರೆ ಓರೆಯಾಗಿದೆಯೋ ನೇರವಾಗಿದೆಯೋ ಅನ್ನುವುದರ ಮೇಲೆ ಸುಮಾರು ಮೂರು ತಿಂಗಳು ಆಚೆ ಈಚೆ.

ಜೀನ್‌ಗಳ ವಿಷಯ ನಿಮಗೆ ಗೊತ್ತಿರಬಹುದು. ಮನುಷ್ಯರ ಕೆಲವು ಜೀನ್‌ಗಳಿಗೆ ಸೆಪ್ಟ್1, ಮಾರ್ಚ್1 ಅನ್ನುವ ಚುಟುಕು ಹೆಸರುಗಳಿದ್ದವು. ಎಕ್ಸೆಲ್‌ನಲ್ಲಿ ಟೈಪ್ ಮಾಡಿದ ಕೂಡಲೇ ಅವು ಸೆಪ್ಟೆಂಬರ್ 1, ಮಾರ್ಚ್ 1 ಆಗಿಬಿಡುತ್ತಿದ್ದವು. ಎಕ್ಸೆಲ್ ಪಟ್ಟಿಗಳ ಜತೆ ಪ್ರಕಟವಾದ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ತಪ್ಪು ಇದೆ ಅಂತ 2016ರ ಒಂದು ಅಧ್ಯಯನ ತೋರಿಸಿತು. ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು: ಸೆಪ್ಟಿನ್1, ಮಾರ್ಚ್‌ಎಫ್1. ಇದು ನೇರವಾಗಿ ಕ್ರಮದ ಜಗಳವಲ್ಲ, ನಿಜ. ಆದರೆ ಕಾಯಿಲೆ ಒಂದೇ. ಬಳಸುವವರನ್ನು ಕೇಳದೆ ಊಹೆ ಮಾಡುವುದು, ಊಹಿಸಿದ್ದೇನೆ ಅಂತ ಹೇಳದೇ ಇರುವುದು.

ಹಾಗಾದರೆ ದಾರಿ ಏನು? ಎರಡು ದಾರಿ ಇವೆ, ಎರಡೂ ಹಳೆಯವೇ.

ಒಂದು, ವರ್ಷ ಮೊದಲು. ಅಂತಾರಾಷ್ಟ್ರೀಯ ಮಾನಕ ಸಂಸ್ಥೆ 1988ರಲ್ಲಿ ಐಎಸ್‌ಒ 8601 ಅನ್ನುವ ಮಾನಕ ತಂದಿತು. ಅದರ ಪ್ರಕಾರ 2024-07-04 ಅಂದರೆ ಜುಲೈ 4, ಬೇರೆ ಅರ್ಥವೇ ಇಲ್ಲ. ನಾಲ್ಕು ಅಂಕಿಯ ವರ್ಷ ಮೊದಲು ಕಂಡ ಕೂಡಲೇ ಮುಂದಿನದು ತಿಂಗಳು ಅಂತ ಓದುವುದು ಸಹಜ, ಯಾಕೆಂದರೆ ವರ್ಷ, ದಿನ, ತಿಂಗಳು ಅನ್ನುವ ಕ್ರಮವನ್ನು ಬಳಸುವವರು ಇಲ್ಲವೇ ಇಲ್ಲ ಅನ್ನಬಹುದು. ಇನ್ನೊಂದು ಲಾಭ ಇದೆ. ಫೈಲುಗಳ ಹೆಸರಿನ ಮೊದಲಿಗೆ ಈ ತಾರೀಖು ಹಾಕಿದರೆ, ಅಕ್ಷರಗಳ ಪ್ರಕಾರ ಜೋಡಿಸಿದರೂ ಕಾಲದ ಪ್ರಕಾರವೇ ಬರುತ್ತವೆ. ದಿನ ಮೊದಲು ಹಾಕಿದರೆ ಎಲ್ಲಾ ತಿಂಗಳುಗಳ 1ನೇ ತಾರೀಖುಗಳು ಒಂದೆಡೆ ಗುಂಪಾಗುತ್ತವೆ. ಈ ಮಾನಕದಲ್ಲೂ ಎರಡಂಕಿಯ ವರ್ಷಕ್ಕೆ ಮೊದಲು ಜಾಗ ಇತ್ತು. 2004ರ ಆವೃತ್ತಿಯಲ್ಲಿ ತೆಗೆದರು. ವರ್ಷ 00 ಅಂತ ಬಂದರೆ ಕಂಪ್ಯೂಟರುಗಳು 1900 ಅಂತ ಓದಿಬಿಡುತ್ತವೆ ಅನ್ನುವ 2000ನೇ ಇಸವಿಯ ಗಲಾಟೆ ಕಂಡವರಿಗೆ ಕಾರಣ ಹೇಳಬೇಕಿಲ್ಲ.

ಈ ಕ್ರಮ ಕೂಡ ಎಲ್ಲವನ್ನೂ ಸರಿ ಮಾಡುವುದಿಲ್ಲ. ವೆಬ್ ಪುಟಗಳಲ್ಲಿ ಬಳಸುವ ಜಾವಾಸ್ಕ್ರಿಪ್ಟ್ ಭಾಷೆಗೆ ಬರೀ 2024-07-04 ಅಂತ ಕೊಟ್ಟರೆ ಅದು ಗ್ರೀನಿಚ್ ಸಮಯದ ಮಧ್ಯರಾತ್ರಿ ಅಂತ ತಿಳಿದುಕೊಳ್ಳುತ್ತದೆ. ಆ ಕ್ಷಣದಲ್ಲಿ ನ್ಯೂಯಾರ್ಕಿನಲ್ಲಿ ಇನ್ನೂ ಜುಲೈ 3ರ ಸಂಜೆ. ಹಾಗಾಗಿ ಅಲ್ಲಿನ ಪರದೆಯ ಮೇಲೆ ಒಂದು ದಿನ ಹಿಂದಿನ ತಾರೀಖು ಬರುತ್ತದೆ. ಹುಟ್ಟಿದ ದಿನದಂಥ ತಾರೀಖಿಗೆ ಗಂಟೆಯೂ ಇಲ್ಲ, ಟೈಮ್ ಝೋನ್ ಕೂಡ ಇಲ್ಲ. ಅದನ್ನು ಒಂದು ಕ್ಷಣವಾಗಿ ಇಟ್ಟುಕೊಳ್ಳುವುದೇ ತಪ್ಪು.

ಎರಡನೇ ದಾರಿ, ತಿಂಗಳನ್ನು ಅಕ್ಷರದಲ್ಲಿ ಬರೆಯುವುದು. ಮನುಷ್ಯರು ಓದುವ ಕಡೆ ನನಗೆ ಇದೇ ಹೆಚ್ಚು ಇಷ್ಟ. ನಿಮ್ಮ ಪಾಸ್‌ಪೋರ್ಟ್ ತೆಗೆದು ನೋಡಿ. ಫೋಟೊ ಇರುವ ಪುಟದ ಕೆಳಗೆ ಬಾಣದ ತಲೆಯಂಥ ಗುರುತುಗಳಿರುವ ಎರಡು ಸಾಲುಗಳಿವೆ. ಎರಡನೇ ಸಾಲಿನಲ್ಲಿ ನಿಮ್ಮ ಹುಟ್ಟಿದ ದಿನ ಆರು ಅಂಕಿಯಲ್ಲಿದೆ: ವರ್ಷ, ತಿಂಗಳು, ದಿನ. ಯಾವ ದೇಶದ ಪಾಸ್‌ಪೋರ್ಟ್ ಆದರೂ ಅಷ್ಟೇ. ಅದು ಯಂತ್ರಕ್ಕೆ. ಮೇಲೆ ಕಣ್ಣಿಗೆ ಓದುವ ಭಾಗದಲ್ಲಿ ಬಹಳಷ್ಟು ದೇಶಗಳು ದಿನ, ತಿಂಗಳ ಚುಟುಕು ಹೆಸರು, ವರ್ಷ ಅಂತ ಹಾಕುತ್ತವೆ. ಅಮೆರಿಕದ ಪಾಸ್‌ಪೋರ್ಟಿನಲ್ಲೂ ದಿನವೇ ಮೊದಲು. ಅಮೆರಿಕದ ಸೈನ್ಯವೂ ದಿನ ಮೊದಲು, ತಿಂಗಳು ಅಕ್ಷರದಲ್ಲಿ ಬರೆಯುತ್ತದೆ. ತಪ್ಪಾದರೆ ಜಾಸ್ತಿ ನಷ್ಟ ಆಗುವ ಕಡೆಗಳಲ್ಲಿ ಜನ ದೇಶದ ಅಭ್ಯಾಸವನ್ನು ಬದಿಗಿಟ್ಟಿದ್ದಾರೆ.

ಕೆನಡಾದವರದ್ದು ಇನ್ನೂ ಚೆಂದದ ಕೆಲಸ. ಅಲ್ಲಿ ಆಹಾರದ ಪೊಟ್ಟಣದ ಮೇಲೆ ಯಾವ ದಿನದೊಳಗೆ ಬಳಸಬೇಕು ಅನ್ನುವುದನ್ನು ವರ್ಷ, ತಿಂಗಳು, ದಿನ ಅನ್ನುವ ಕ್ರಮದಲ್ಲಿ ಹಾಕುತ್ತಾರೆ, ತಿಂಗಳಿಗೆ ಎರಡಕ್ಷರದ ಗುರುತು. ಮಾರ್ಚ್‌ಗೆ ಎಂ-ಆರ್, ಮೇಗೆ ಎಂ-ಎ, ಏಪ್ರಿಲ್‌ಗೆ ಎ-ಎಲ್, ಜೂನ್‌ಗೆ ಜೆ-ಎನ್, ಜುಲೈಗೆ ಜೆ-ಎಲ್. ಆರಿಸಿದ ಅಕ್ಷರಗಳು ಇಂಗ್ಲಿಷ್ ಹೆಸರಿನಲ್ಲೂ ಇವೆ, ಫ್ರೆಂಚ್ ಹೆಸರಿನಲ್ಲೂ ಇವೆ. ಏಪ್ರಿಲ್ ಅನ್ನಿ, ಅವ್ರಿಲ್ ಅನ್ನಿ, ಎ-ಎಲ್ ಎರಡಕ್ಕೂ ಸರಿ. ಒಂದೇ ಪೊಟ್ಟಣದ ಮೇಲೆ ಎರಡು ಸಲ ಅಚ್ಚು ಹಾಕುವ ಕೆಲಸ ತಪ್ಪಿತು. ಎರಡೂ ಭಾಷೆಯವರಿಗೆ ಸಮಾನ ಗೌರವ ಸಿಕ್ಕಿತು.

ಐರೋಪ್ಯ ಒಕ್ಕೂಟದಲ್ಲಿ ದಾರಿ ಬೇರೆ. 2011ರ ಆಹಾರ ಮಾಹಿತಿ ನಿಯಮದ ಪ್ರಕಾರ ದಿನ, ತಿಂಗಳು, ಬೇಕಾದರೆ ವರ್ಷ, ಅದೇ ಕ್ರಮದಲ್ಲಿ. ಕ್ರಮ ಕಾನೂನಿನಲ್ಲೇ ಇದೆ. ಆದರೆ ಕಾನೂನು ಗೊತ್ತಿರುವವರಿಗೆ ಮಾತ್ರ ಅದು ಪ್ರಯೋಜನ. ಪ್ರವಾಸಕ್ಕೆ ಬಂದವರ ಕೈಯಲ್ಲಿ ಇರುವುದು ಪೊಟ್ಟಣ ಅಷ್ಟೇ.

ಫಾರಂ ಮಾಡುವವರಲ್ಲಿ, ವೆಬ್‌ಸೈಟ್ ಮಾಡುವವರಲ್ಲಿ ನನ್ನ ಕಳಕಳಿಯ ಮನವಿ. ತಾರೀಖಿನ ಜಾಗದಲ್ಲಿ ಖಾಲಿ ಗೆರೆ ಎಳೆದು ಬಿಡಬೇಡಿ. ಮೂರು ಬೇರೆ ಬೇರೆ ಚೌಕ ಕೊಟ್ಟು ಮೇಲೆ ದಿನ, ತಿಂಗಳು, ವರ್ಷ ಅಂತ ಬರೆಯಿರಿ. ತುಂಬಿದ ಮೇಲೆ ತಿಂಗಳ ಹೆಸರು ಬರುವ ಹಾಗೆ ಒಮ್ಮೆ ತೋರಿಸಿ: ‘ನೀವು ಕೊಟ್ಟದ್ದು 4 ಜುಲೈ 2024’. ತಪ್ಪಾಗಿದ್ದರೆ ತುಂಬಿದವರೇ ಅಲ್ಲೇ ಸರಿ ಮಾಡುತ್ತಾರೆ. ಫಾರಂ ತುಂಬುವವರು ವಯಸ್ಸಾದವರಿರಬಹುದು, ಗಾಬರಿಯಲ್ಲಿ ಆಸ್ಪತ್ರೆಗೆ ಬಂದವರಿರಬಹುದು, ಬೇರೆ ದೇಶದಿಂದ ನಿನ್ನೆ ಮೊನ್ನೆ ಬಂದವರಿರಬಹುದು. ಊಹೆ ಮಾಡುವ ಭಾರವನ್ನು ಅವರ ಮೇಲೆ ಹಾಕುವುದು ಅನ್ಯಾಯ.

ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಟ್ಟಿದ್ದೇನೆ.

ಎಲ್ಲಾ ದೇಶಗಳೂ ಒಂದೇ ಕ್ರಮಕ್ಕೆ ಬರುವ ಹಾಗೆ ನಿಯಮ ಮಾಡಬಾರದಾ?

ಮಾಡಬಹುದು, ಆದರೆ ಜನ ಕೇಳುವುದಿಲ್ಲ. ಜರ್ಮನಿಯಲ್ಲಿ ಕಚೇರಿ ಬರವಣಿಗೆಗೆ ಡಿಐಎನ್ 5008 ಅಂತ ಒಂದು ಮಾನಕ ಇದೆ. 1996ರಲ್ಲಿ ಅದು ವರ್ಷ ಮೊದಲು ಬರೆಯಿರಿ ಅಂತ ಹೇಳಿತು. ಜನ ಚುಕ್ಕಿ ಹಾಕಿ ದಿನ ಮೊದಲು ಬರೆಯುವುದನ್ನು ಬಿಡಲಿಲ್ಲ. ಆಮೇಲೆ ಆ ಮಾನಕವೇ ಹಳೆಯ ರೂಪಕ್ಕೂ ಮತ್ತೆ ಒಪ್ಪಿಗೆ ಕೊಟ್ಟಿತು. ಮನೆಯೊಳಗೆ, ಊರೊಳಗೆ ಜನ ಹೇಗೆ ಬೇಕಾದರೂ ಬರೆದುಕೊಳ್ಳಲಿ. ಗಡಿ ದಾಟುವ ತಾರೀಖಿಗೆ, ಯಂತ್ರದೊಳಗೆ ಹೋಗುವ ತಾರೀಖಿಗೆ ಮಾತ್ರ ಕಟ್ಟುನಿಟ್ಟು ಬೇಕು.

ವರ್ಷವೇ ಬೇರೆ ಇರುವ ದೇಶಗಳಲ್ಲಿ?

ಅದು ಇನ್ನೊಂದು ಉಪನ್ಯಾಸದಷ್ಟು ದೊಡ್ಡದು, ಚುಟುಕಾಗಿ ಹೇಳುತ್ತೇನೆ. ನಮ್ಮ 2024 ಥಾಯ್ಲೆಂಡಿನಲ್ಲಿ 2567, ತೈವಾನಿನಲ್ಲಿ 113, ಜಪಾನಿನಲ್ಲಿ ರೇವಾ 6, ಅಂದರೆ ರೇವಾ ಅನ್ನುವ ಯುಗದ ಆರನೇ ವರ್ಷ. ಥಾಯ್ಲೆಂಡಿನ ವರ್ಷವನ್ನು ಪೂರ್ತಿ ಬರೆದರೆ ಗೊತ್ತಾಗುತ್ತದೆ. ಎರಡೇ ಅಂಕಿ ಬರೆದು 67 ಅಂದರೆ ಅದು ಮುಗಿದುಹೋದ ವರ್ಷವೋ ಮುಂದೆ ಬರುವ ವರ್ಷವೋ ಹೊರಗಿನವರಿಗೆ ತಿಳಿಯುವುದಿಲ್ಲ. ವರ್ಷಕ್ಕೆ ನಾಲ್ಕು ಅಂಕಿ ಅನ್ನುವ ನಿಯಮ ಇಲ್ಲಿಯೂ ಕಾಪಾಡುತ್ತದೆ. ಜಪಾನಿನ ತರಹ ಯುಗದ ಹೆಸರಿದ್ದರೆ ಅದನ್ನು ಬಿಡಲೇಬಾರದು.

ಹಳೆಯ ದಾಖಲೆಗಳಲ್ಲಿ ಈಗಾಗಲೇ ಎರಡರ್ಥದ ತಾರೀಖು ಇದ್ದರೆ ಏನು ಮಾಡಬೇಕು?

ಒಳ್ಳೆಯ ಪ್ರಶ್ನೆ. ಮೊದಲನೆಯದಾಗಿ, ಮೂಲದಲ್ಲಿ ಹೇಗಿದೆಯೋ ಹಾಗೇ ಒಂದು ಕಾಲಂನಲ್ಲಿ ಇಟ್ಟುಕೊಳ್ಳಿ. ಅದನ್ನು ‘ಸರಿಪಡಿಸಿ’ ಮೇಲೆ ಬರೆಯಬೇಡಿ. ನಿಮ್ಮ ಓದನ್ನು ಪಕ್ಕದ ಕಾಲಂನಲ್ಲಿ ಹಾಕಿ. ಆಮೇಲೆ ಸುತ್ತಮುತ್ತಲಿನ ಸಾಲುಗಳನ್ನು ನೋಡಿ. ಅದೇ ಕೈಬರಹದಲ್ಲಿ, ಅದೇ ಪುಸ್ತಕದಲ್ಲಿ 12ಕ್ಕಿಂತ ದೊಡ್ಡ ಅಂಕಿ ಯಾವ ಜಾಗದಲ್ಲಿ ಬಂದಿದೆ ಅಂತ ಹುಡುಕಿ. ಒಂದೇ ಒಂದು 19 ಸಿಕ್ಕರೂ ಬರೆದವರ ಕ್ರಮ ಗೊತ್ತಾಗುತ್ತದೆ. ವಾರದ ಹೆಸರು ಜತೆಗಿದ್ದರೆ ಇನ್ನೂ ಒಳ್ಳೆಯದು, ಎರಡು ಸಾಧ್ಯತೆಗಳಲ್ಲಿ ಎಷ್ಟೋ ಸಲ ಒಂದು ಮಾತ್ರ ಆ ವಾರಕ್ಕೆ ಹೊಂದುತ್ತದೆ.

ಯಾವುದೂ ಸಿಗದಿದ್ದರೆ ಊಹೆ ಮಾಡಬೇಡಿ. ಗೊತ್ತಿಲ್ಲ ಅನ್ನುವುದನ್ನು ಬರೆಯಲು ಕೂಡ ಈಗ ಒಂದು ರೀತಿ ಇದೆ. ಐಎಸ್‌ಒ 8601 ಮಾನಕದ ಎರಡನೇ ಭಾಗ 2019ರಲ್ಲಿ ಬಂತು. ಅದರಲ್ಲಿ ಅನುಮಾನದ ತಾರೀಖಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಬಹುದು. ಗೊತ್ತಿಲ್ಲದ ಅಂಕಿಯ ಜಾಗದಲ್ಲಿ ಎಕ್ಸ್ ಅಕ್ಷರ ಇಡಬಹುದು. ಇವುಗಳಲ್ಲಿ ಯಾವುದೋ ಒಂದು ಅಂತ ಹೇಳಲು ಚೌಕ ಆವರಣದೊಳಗೆ ಎಲ್ಲವನ್ನೂ ಬರೆಯಬಹುದು. 09/10/1932 ಅಂತ ಇರುವ ಹಳೆಯ ಚೀಟಿಯನ್ನು ಹೀಗೆ ದಾಖಲಿಸಬಹುದು: [1932-09-10,1932-10-09]. ಮುಂದೆ ಯಾರಿಗಾದರೂ ಬೇರೆ ಸಾಕ್ಷಿ ಸಿಕ್ಕಿದಾಗ ಅವರು ಒಂದನ್ನು ಅಳಿಸುತ್ತಾರೆ.